ನೀರು ಕುಡಿದ ಗಾಡಿ

ಹಳೆಯ ಗಾಡಿ ಕೊಳ್ಳಲು ಬಂದವರು ಗಾಡಿ ನೋಡುವುದಿಲ್ಲ, ಬಣ್ಣ ನೋಡುತ್ತಾರೆ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕೆಲಸಕ್ಕೆ ಹೊಸದಾಗಿ ಇಳಿಯುವ ನಿಮ್ಮಂಥವರು ನನ್ನ ಮನೆಗೆ ಬಂದು ಕೇಳುವುದೆಲ್ಲ ಎಂಜಿನ್ನಿನ ವಿಷಯ. ಎಂಜಿನ್ನು ಕಲಿಯುವುದು ಸುಲಭ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಮನುಷ್ಯರನ್ನು ಕಲಿಯಲು ನನಗೆ ಒಂದು ಜೀವಮಾನ ಹಿಡಿಯಿತು, ಒಂದಿಷ್ಟು ಕಲಿತೆ ಅನ್ನುವಷ್ಟರಲ್ಲಿ ಮೊಣಕಾಲು ಕೈಕೊಟ್ಟವು.

ಮಕ್ತಲ್‌ನಲ್ಲಿ ರಾಯಚೂರು ರಸ್ತೆಗೆ ಹೊಂದಿಕೊಂಡು ನನ್ನ ಷೆಡ್ಡು ಇತ್ತು. ಕಸುಬು ರಿಪೇರಿ. ಆದರೆ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದುದು ಹೆಚ್ಚಾಗಿ ಗಾಡಿ ನೋಡುವುದಕ್ಕೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಯಾವ ಮನೆಯವರೂ ಹಳೆಯ ಗಾಡಿಗೆ ಸಂಚಕಾರದ ಮುಂಗಡ ಕೊಡುವ ಮುಂಚೆ ಒಬ್ಬ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ಯುತ್ತಾರೆ. ಹೆಣ್ಣು ನೋಡಲು ಹೋದ ಹಾಗೆಯೇ ಅನ್ನಿ. ಮನೆಯವರು ಕೂತು ಚಹಾ ಕುಡಿಯುತ್ತಾರೆ, ನೀರಿಲ್ಲ, ಬೆಳೆಯಿಲ್ಲ ಎಂದು ಮಾತಾಡುತ್ತಾರೆ. ಮಿಸ್ತ್ರಿ ಬಾನೆಟ್ಟು ಎತ್ತಿ ತಲೆ ಒಳಗೆ ಹಾಕಿರುತ್ತಾನೆ. ಅವನು ಕೈ ಒರೆಸಿಕೊಳ್ಳುತ್ತ ಬಂದಾಗ ಎಲ್ಲರೂ ಅವನ ಬಾಯಿ ನೋಡುತ್ತಾರೆ. ಆಗ ಹೇಳುವ ಒಂದು ಮಾತಿಗೇ ನಮಗೆ ಬೆಲೆ.

ನನಗೆ ಈ ಕೆಲಸ ಕಲಿಸಿದವರು ರಾಯಚೂರಿನ ಖಾದರ್ ಉಸ್ತಾದರು. ಅವರ ಬಾಯಿಂದ ಬೈಗುಳ ತಿನ್ನದೆ ಪಾನಾ, ಅಂದರೆ ಸ್ಪ್ಯಾನರ್, ಹಿಡಿದವರು ಯಾರೂ ಇಲ್ಲ. "ಪೈಲೆ ನಾಕ್, ಬಾದ್ ಮೆ ಹಾತ್" ಎನ್ನುತ್ತಿದ್ದರು. ಮೊದಲು ಮೂಗು, ಆಮೇಲೆ ಕೈ. ಗಾಡಿಯ ಬಾಗಿಲು ತೆಗೆದ ತಕ್ಷಣ ಬರುವ ವಾಸನೆ ಎರಡನೇ ಸಲ ತೆಗೆದಾಗ ಬರುವುದಿಲ್ಲ. ಊದುಬತ್ತಿಯ ಘಮಘಮ ಬಂದರೆ ಆ ಗಾಡಿಯ ಮೇಲೆ ನನಗೆ ಇವತ್ತಿಗೂ ಅನುಮಾನವೇ. ದೇವರ ಮೇಲಿನ ಭಕ್ತಿಗೆ ಯಾರೂ ಸೀಟಿನ ಕೆಳಗೆ ಊದುಬತ್ತಿ ಹಚ್ಚುವುದಿಲ್ಲ.

ಒಮ್ಮೆ ನಾರಾಯಣಪೇಟೆಗೆ ಉಸ್ತಾದರ ಜೊತೆ ಗಾಡಿ ನೋಡಲು ಹೋದೆ. ಮಾರುವವನು ನಾವು ಬರುವ ಮುಂಚೆಯೇ ಎಂಜಿನ್ನು ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದ. ಸೋರುವ ಎಂಜಿನ್ನು, ಹೊಗೆ ಬಿಡುವ ಎಂಜಿನ್ನು, ಎಲ್ಲವೂ ತಣ್ಣಗಿದ್ದಾಗಲೇ ಗುಟ್ಟು ಬಿಡುವುದು. ಉಸ್ತಾದರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ನಿನ್ನ ಗಾಡಿಗೆ ಜ್ವರ ಬಂದೈತಿ. ಇಳಿದ ಮ್ಯಾಲ ನೋಡ್ತೀವಿ" ಎಂದು ಬೇವಿನ ಮರದ ಕೆಳಗೆ ಟವೆಲ್ ಹಾಸಿ ಮಲಗಿಬಿಟ್ಟರು. ಮಾರುವವನು ಊಟಕ್ಕೆ ಕರೆದ, ಹೋಗಲಿಲ್ಲ. ಕೊನೆಗೆ ಅವನೇ ಬಂದು, "ಎಂಜಿನ್ ಹೆಡ್ಡು ಸೀಳೈತ್ರಿ ಉಸ್ತಾದ್, ಹೋಗಿ ಬರ್ರಿ" ಎಂದ.

ಅವರು ಕಲಿಸಿದ್ದರಲ್ಲಿ ಒಂದು ಕಟ್ಟಳೆ ಇತ್ತು. ಮಾರುವವನು ನೂರು ಮುಚ್ಚಿಡಲಿ, ಅದು ಅವನ ವ್ಯಾಪಾರ. ಕೊಳ್ಳುವವನು ಚೌಕಾಸಿಗೆ ನೂರು ಸುಳ್ಳು ಹೇಳಲಿ, ಅದು ಅವನದು. ಆದರೆ ಮೂರು ವಿಷಯ ಕೇಳಿದರೆ ಮಿಸ್ತ್ರಿ ಸುಳ್ಳು ಹೇಳಬಾರದು. ಗಾಡಿ ನೀರಿನಲ್ಲಿ ಮುಳುಗಿತ್ತೇ, ಬೆಂಕಿ ಕಂಡಿತ್ತೇ, ಅದರೊಳಗೆ ಯಾರಾದರೂ ಸತ್ತಿದ್ದಾರೆಯೇ. ನೀರು, ಬೆಂಕಿ, ಸಾವು. ಈ ಮೂರರಲ್ಲಿ ಒಂದಕ್ಕೆ ಸುಳ್ಳು ಹೇಳಿದವನ ಷೆಡ್ಡಿಗೆ ನಮ್ಮ ಕಡೆ ಮತ್ತೆ ಯಾರೂ ಗಾಡಿ ತರುವುದಿಲ್ಲ.

ನನ್ನ ಮೊದಲ ಪ್ರಮಾದವನ್ನೂ ಹೇಳಬೇಕು. ಸೀರೆ ವ್ಯಾಪಾರದ ಒಂದು ದೊಡ್ಡ ಮನೆಯವರು ಮನೆಮಂದಿಯೆಲ್ಲ ಹೋಗುವಂಥ ಗಾಡಿ ಬೇಕೆಂದರು. ಎತ್ತರದ, ಗಟ್ಟಿಮುಟ್ಟಾದ ಒಂದನ್ನು ಆರಿಸಿಕೊಟ್ಟೆ. ಎಂಜಿನ್ನು ಬಂಗಾರ, ಚಾಸಿ ನೇರ. ಮನೆಗೆ ತಂದು ನಿಂಬೆಹಣ್ಣು ತುಳಿಸಿ, ತೆಂಗಿನಕಾಯಿ ಒಡೆದು, ಮೊದಲು ಅಜ್ಜಿ ಹತ್ತಲಿ ಎಂದರು. ಅಜ್ಜಿಗೆ ಕಾಲೆತ್ತಲು ಬರಲಿಲ್ಲ. ಇಬ್ಬರು ಸೊಸೆಯಂದಿರು ಕೆಳಗಿನಿಂದ ನೂಕಿದರು, ಮೊಮ್ಮಗ ಒಳಗಿನಿಂದ ಎಳೆದ. ಅಜ್ಜಿ ಅರ್ಧದಲ್ಲೇ ನಿಂತು, "ನನ್ನ ಕರಕೊಂಡ ಹೋಗಾಕ ತಂದೀರೋ, ಕಳಿಸಿಬಿಡಾಕ ತಂದೀರೋ?" ಎಂದಳು. ಆ ಗಾಡಿಯಲ್ಲಿ ಅಜ್ಜಿ ಒಂದು ದಿನವೂ ಕೂರಲಿಲ್ಲ. ಅಂದಿನಿಂದ ಕೊಳ್ಳುವವರ ಮನೆಯಲ್ಲಿ ಎಲ್ಲರಿಗಿಂತ ಅಶಕ್ತರು ಯಾರೋ ಅವರನ್ನು ಮೊದಲು ಕೂರಿಸಿ ನೋಡಿ, ಆಮೇಲೆ ಬಾನೆಟ್ಟು ಎತ್ತುತ್ತಿದ್ದೆ.

ಬರಬರುತ್ತ ಕೆಲಸದ ರೀತಿ ಬದಲಾಯಿತು. ಕಂಪ್ಯೂಟರ್ ಹಚ್ಚಿ ಗಾಡಿಯ ರೋಗ ಹೇಳುವ ಸ್ಕ್ಯಾನರ್ ಬಂತು. ಕೊಳ್ಳುವವರು ಫೋನಿನಲ್ಲಿ ಫೋಟೋ ನೋಡಿಯೇ ಮನಸ್ಸು ಮಾಡಿಕೊಂಡು ಬರತೊಡಗಿದರು. ಮೀಟರು ಹಿಂದಕ್ಕೆ ತಿರುಗಿಸುವುದು ತಲೆಗೂದಲಿಗೆ ಬಣ್ಣ ಹಚ್ಚಿದಷ್ಟು ಸಾಮಾನ್ಯವಾಯಿತು. ನಾವಿರುವುದು ಎರಡು ರಾಜ್ಯಗಳ ಗಡಿಯಲ್ಲಿ. ಆ ಕಡೆಯ ನಂಬರಿನ ಗಾಡಿ ಅಗ್ಗ ಎಂದು ತಂದವರು, ಕಾಗದ ಈ ಕಡೆಗೆ ಮಾಡಿಸಲು ಓಡಾಡಿ ಚಪ್ಪಲಿ ಸವೆಸಿದ್ದನ್ನು ನೋಡಿದ್ದೇನೆ. ಸ್ಕ್ಯಾನರನ್ನು ನಾನೂ ಕೊಂಡೆ. ಅದನ್ನು ಬೈಯುವ ಮುದುಕ ನಾನಲ್ಲ. ನೀರು ಹೊಕ್ಕ ಗಾಡಿಯ ವೈರುಗಳನ್ನು ಒಂದು ದಿನದ ಮಟ್ಟಿಗೆ ಒರೆಸಿ ಒಣಗಿಸಿಟ್ಟರೆ ಸ್ಕ್ಯಾನರಿಗೆ ಏನೂ ಕಾಣುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಇನ್ನು ನಾರ್ವ ಎಂಬ ಊರಿನ ಶರಣಮ್ಮನ ವಿಷಯ. ಇದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದು ಎಂದರೂ ನಡೆದೀತು.

ಶರಣಮ್ಮ ಅಂಗನವಾಡಿ ಟೀಚರ್. ಒಂದು ದಿನ ಸ್ಕೂಟಿಯ ಮೇಲೆ ಷೆಡ್ಡಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿ ಸ್ಟಾಂಡು ಹಾಕಿ, ನೇರವಾಗಿ ವಿಷಯಕ್ಕೆ ಬಂದಳು.

"ಅಣ್ಣಾರ, ಒಂದು ಹಳೇ ಗಾಡಿ ನೋಡಿ ಕೊಡ್ರಿ. ನಮ್ಮ ಕೈಗೆ ನಿಲುಕಬೇಕು. ಅಂದ ಚಂದ ಏನೂ ಬ್ಯಾಡ. ಅದರಾಗ ಒಬ್ಬರು ಕಾಲು ಚಾಚಿ ಮಲಗಾಕ ಬರಬೇಕು."

"ಯಾರು ಮಲಗಾಕ?"

"ನಮ್ಮ ಮನಿಯವರು ರೀ. ಎರಡೂ ಕಿಡ್ನಿ ಹೋಗ್ಯಾವ. ವಾರಕ್ಕೆರಡು ಸಲ ರಾಯಚೂರಿಗೆ ಡಯಾಲಿಸಿಸ್‌ಗೆ ಕರಕೊಂಡ ಹೋಗಬೇಕು."

ಅವಳ ಗಂಡ ಈರಣ್ಣನನ್ನು ನಾನು ಬಲ್ಲೆ. ಮೋಟರು ಪಂಪು ರಿಪೇರಿ ಮಾಡುತ್ತಿದ್ದ ಹುಡುಗ, ನಗುಮುಖ. ಹೋಗುವಾಗ ಹೇಗೋ ಕೂತು ಹೋಗುತ್ತಾನಂತೆ, ಬರುವಾಗ ತಲೆ ಎತ್ತಲಾಗುವುದಿಲ್ಲ. ಬಸ್ಸಿನಲ್ಲಿ ತಂದೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಕಾಲು ದಾರಿಗೆ ಬರುತ್ತದೆ, ದಾಟಿ ಹೋಗುವವರೆಲ್ಲ ಗೊಣಗುತ್ತಾರೆ. ಬಾಡಿಗೆ ಜೀಪಿನವರು ಮೊದಮೊದಲು ಬಂದರು. ಸೀಟಿನ ಮೇಲೆ ಒಂದೆರಡು ಸಲ ವಾಂತಿಯಾದ ಮೇಲೆ ಫೋನು ಎತ್ತುವುದನ್ನು ಬಿಟ್ಟರು.

"ಗಾಡಿ ನಡೆಸೋರು ಯಾರು ತಂಗಿ?" ಎಂದು ಕೇಳಿದೆ.

"ನಾನ. ನಾರಾಯಣಪೇಟ್ಯಾಗ ಕಲಿಯಾಕತ್ತೀನಿ. ಲೈಸನ್ಸ್ ಬರತೈತಿ ಇಷ್ಟರಾಗ." ಆಮೇಲೆ, "ಒಂದು ಸರದಿ ತಪ್ಪಿದ್ರ ಮೈಯೆಲ್ಲಾ ಬಾವು ಬರತೈತ್ರಿ. ಉಸಿರಾಡಾಕ ಆಗಂಗಿಲ್ಲ. ತಪ್ಪಬಾರದು ಅಂತ ಡಾಕ್ಟರು ಕೈ ಮುಗದು ಹೇಳ್ಯಾರ. ದಾರ್ಯಾಗ ನಿಲ್ಲೋ ಗಾಡಿ ಮಾತ್ರ ಬ್ಯಾಡ" ಎಂದಳು.

ಅವಳು ಕೇಳಿದ್ದು ಎರಡೇ. ಮಲಗಲು ಜಾಗ, ದಾರಿಯಲ್ಲಿ ನಿಲ್ಲದ ಎಂಜಿನ್ನು. ಹತ್ತಾರು ವರ್ಷದಲ್ಲಿ ನನ್ನ ಹತ್ತಿರ ಬಂದವರಲ್ಲಿ ಬಣ್ಣದ ಮಾತೆತ್ತದವಳು ಇವಳೊಬ್ಬಳೇ.

ನನಗೆ ತಕ್ಷಣ ನೆನಪಿಗೆ ಬಂದದ್ದು ಗದ್ವಾಲದ ರೆಡ್ಡಿ ಮಾಸ್ತರರ ಗಾಡಿ. ಅದು ಸ್ಟೇಷನ್ ವ್ಯಾಗನ್. ಮುಂದಿನಿಂದ ನೋಡಿದರೆ ಸಾದಾ ಕಾರು. ಹಿಂದೆ ಡಿಕ್ಕಿ ಬೇರೆಯಾಗಿ ಇರುವುದಿಲ್ಲ, ಚಾವಣಿಯೇ ಕೊನೆಯ ಬಾಗಿಲವರೆಗೆ ಚಾಚಿಕೊಂಡಿರುತ್ತದೆ. ಹಿಂದಿನ ಸೀಟು ಮಡಚಿದರೆ ಆರಡಿಯ ಆಳು ಆರಾಮಾಗಿ ಮಲಗಬಹುದು. ನೆಲಕ್ಕೆ ಹತ್ತಿರ, ಹಾಗಾಗಿ ರೋಗಿಯನ್ನು ಎತ್ತಿ ಹಾಕುವ ಕಷ್ಟವಿಲ್ಲ. ಇಂಥ ಗಾಡಿ ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾಗಲಿಲ್ಲ. ನಮ್ಮ ಜನರಿಗೆ ಅದು ಹೆಣದ ಗಾಡಿಯ ಹಾಗೆ ಕಾಣುತ್ತಿತ್ತು. ಹಳೆಯದಾದ್ದರಿಂದ ಬಿಡಿಭಾಗಕ್ಕೆ ಹೈದರಾಬಾದಿಗೆ ಹೋಗಬೇಕಿತ್ತು, ನಿಜ. ಆದರೆ ಮಾಸ್ತರರು ಅದನ್ನು ಮಗುವಿನ ಹಾಗೆ ಸಾಕಿದ್ದರು. ಅದರ ರಿಪೇರಿಯೆಲ್ಲ ಮಾಡಿದವನು ನಾನೇ. ಅದು ಮಾರಾಟಕ್ಕಿರುವುದೂ ನನಗೆ ಗೊತ್ತಿತ್ತು, ಯಾಕೆ ಮಾರುತ್ತಿದ್ದಾರೆ ಎಂಬುದೂ ಗೊತ್ತಿತ್ತು.

ಶರಣಮ್ಮ, ಈರಣ್ಣ, ಈರಣ್ಣನ ತಂದೆ ಸಿದ್ದಪ್ಪ ಯಜಮಾನರು, ನಾನು, ನಾಲ್ವರೂ ಗದ್ವಾಲಕ್ಕೆ ಹೋದೆವು. ಈರಣ್ಣನನ್ನು ಮೊದಲು ಒಳಗೆ ಮಲಗಿಸಿದೆ. ಅವನು ಕಾಲು ಚಾಚಿ, ಕೈಗಳನ್ನು ತಲೆಯ ಕೆಳಗಿಟ್ಟುಕೊಂಡು ಚಾವಣಿ ನೋಡುತ್ತ, "ಯಣ್ಣಾ, ಮನ್ಯಾಗ ಮಂಚದ ಮ್ಯಾಲೂ ಇಷ್ಟು ಜಾಗ ಇಲ್ಲ" ಎಂದ. ಶರಣಮ್ಮ ಸ್ಟೇರಿಂಗ್ ಹಿಡಿದು ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದಳು. ಮುಖ ಅರಳಿತ್ತು. ಮಾಸ್ತರರು ಹೇಳಿದ ಬೆಲೆಯೂ ಅವರಿಗೆ ನಿಲುಕುವಂಥದ್ದೇ. ನಾನು ಬಾಯಿ ತೆರೆದು ತಗೊಳ್ಳಿ ಎನ್ನಬೇಕು, ಅಷ್ಟರಲ್ಲಿ ಸಿದ್ದಪ್ಪನವರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು.

"ಎಲ್ಲಾ ಚಲೋ ಐತಿ ಮಿಸ್ತ್ರಿ. ಒಂದು ಮಾತು. ಇದರಾಗ ಯಾರರ ಹೋಗ್ಯಾರೇನು?"

ಮಾಸ್ತರರು ಕೇಳಿಸಿಕೊಂಡರು. ಅವರು ತಲೆ ತಗ್ಗಿಸಿದರು. ನಾನು ಹೇಳದಿದ್ದರೆ ಅವರೂ ಹೇಳುತ್ತಿರಲಿಲ್ಲ. ಈರಣ್ಣ ಇನ್ನೂ ಒಳಗೆ ಮಲಗಿಯೇ ಇದ್ದ, ಶರಣಮ್ಮ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂಬ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

"ಹೌದು ಯಜಮಾನ್ರ. ಮಾಸ್ತರರ ಹೆಂಡ್ತಿ. ದವಾಖಾನಿಗೆ ಹೋಗೋ ದಾರ್ಯಾಗ, ಎದಿ ನೋವಾಗಿ" ಎಂದೆ.

ಮಾಸ್ತರರು ತಲೆ ಎತ್ತದೆಯೇ ಹೇಳಿದರು: "ಧರೂರು ದಾಟಿರಲಿಲ್ಲ ಅಪ್ಪಾ. ಗಾಡಿ ತಪ್ಪೇನೂ ಇಲ್ಲ. ಗಾಡಿ ನಿಲ್ಲಲಿಲ್ಲ, ಆಕೀನ ನಿಂತುಬಿಟ್ಟಳು."

ಸಿದ್ದಪ್ಪನವರು ಹೋಗಿ ಮಗನ ಕೈ ಹಿಡಿದು ಎಬ್ಬಿಸಿದರು. ಅವನ ಅಂಗಿ ಝಾಡಿಸಿದರು. ಶರಣಮ್ಮ, "ಮಾವಾ, ಆ ತಾಯಿಗೆ ವಯಸ್ಸಾಗಿತ್ತು. ಎದಿ ನೋವು ಮನ್ಯಾಗ ಕೂತೋರಿಗೂ ಬರತೈತಿ" ಎಂದಳು.

"ಬರಲಿ. ಆಕಿ ಮಲಗಿದ್ದ ಜಾಗದಾಗ ನನ್ನ ಮಗನ್ನ ಮಲಗಿಸಂಗಿಲ್ಲ."

"ಅಣ್ಣಾರ, ನೀವರ ಹೇಳ್ರಿ" ಎಂದಳು ನನ್ನ ಕಡೆ ತಿರುಗಿ.

ನಾನು ಹೇಳಿದೆ. ಇಂಥ ಎಂಜಿನ್ನು ಮತ್ತೆ ಸಿಗುವುದಿಲ್ಲ, ಹೋಮ ಮಾಡಿಸಿ, ಜಂಗಮರನ್ನು ಕರೆಸಿ ಪಾದ ಇಡಿಸಿ, ಸೀಟು ಕಿತ್ತು ಹೊಸದು ಹಾಕಿಕೊಡುತ್ತೇನೆ ಎಂದೆಲ್ಲ ಹೇಳಿದೆ. ಸಿದ್ದಪ್ಪನವರು ಪೂರ್ತಿ ಕೇಳಿದರು. ಅವರು ಒರಟರಲ್ಲ. ಬಸ್ಸಿನಲ್ಲಿ ವಾರಕ್ಕೆರಡು ಸಲ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವರು ಅವರೇ. "ಎಂಜಿನ್ ಕೆಟ್ರ ನೀನು ರಿಪೇರಿ ಮಾಡ್ತಿ. ಸಾವು ಹೊಕ್ಕದ್ದನ್ನ ರಿಪೇರಿ ಮಾಡಾಕ ಬರತೈತೇನು ನಿನಗ?" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮುಂದಿನ ವಾರ ಸಿದ್ದಪ್ಪನವರೇ ಒಂದು ಗಾಡಿಯನ್ನು ನನ್ನ ಷೆಡ್ಡಿಗೆ ತಂದರು. ರಾಯಚೂರು ಕಡೆಯ ಒಬ್ಬ ದಲ್ಲಾಳಿ ತೋರಿಸಿದ್ದು. ಏಳು ಸೀಟಿನದು, ಬೆಳ್ಳಿ ಬಣ್ಣ, ಹೊಸ ಕಾರ್ಪೆಟ್ಟು, ಮುಂದೆ ಗಣಪತಿ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎನ್ನುತ್ತಾರಲ್ಲ, ಅದೇ. ಬಾಗಿಲು ತೆಗೆದ ಕೂಡಲೇ ಊದುಬತ್ತಿಯ ವಾಸನೆ, ಅದರ ಅಡಿಯಲ್ಲಿ ಬಾವಿಯ ತಳದ ವಾಸನೆ. ಸೀಟು ಜಾರುವ ಕಂಬಿಯ ಬೋಲ್ಟುಗಳು ತುಕ್ಕು ಹಿಡಿದಿದ್ದವು. ದೀಪದ ಗಾಜಿನೊಳಗೆ ಮಂಜು ಕಟ್ಟಿತ್ತು. ಸೀಟ್ ಬೆಲ್ಟನ್ನು ಪೂರ್ತಿ ಎಳೆದೆ. ಹೊರಗಿರುವ ಭಾಗ ತೊಳೆದು ಬೆಳ್ಳಗೆ, ಒಳಗೆ ಸುತ್ತಿಕೊಂಡಿದ್ದ ಭಾಗದ ಮೇಲೆ ಕೆಸರಿನ ಗೆರೆ.

ಸಿದ್ದಪ್ಪನವರನ್ನು ಕರೆದು ಆ ಗೆರೆಯ ಮೇಲೆ ಅವರ ಬೆರಳನ್ನೇ ಇಡಿಸಿದೆ. "ಇದು ನೀರು ಕುಡಿದ ಗಾಡಿ ಯಜಮಾನ್ರ. ಹೊಳಿ ನೀರು ಇಲ್ಲೀ ತನಕ ಬಂದು ನಿಂತಿತ್ತು. ಇವತ್ತು ಓಡತೈತಿ, ನಾಳೆನೂ ಓಡತೈತಿ. ಒಳಗ ವೈರು ಕೊಳೀತಿರತಾವ. ಯಾವಾಗ ನಿಲ್ತೈತಿ ಅಂತ ಬ್ರಹ್ಮಗೂ ಗೊತ್ತಿಲ್ಲ. ಬ್ಯಾಡ."

"ಇದರಾಗ ಯಾರರ...?"

"ಅದು ನನಗ ಗೊತ್ತಿಲ್ಲ."

ದಲ್ಲಾಳಿ ಮುಂದೆ ಬಂದು, "ದೇವರಾಣಿ ಯಾರೂ ಸತ್ತಿಲ್ರಿ. ನಿಂತಲ್ಲೇ ನೀರು ಬಂದಿತ್ತು, ಒಳಗ ನರಪಿಳ್ಳೆ ಇದ್ದಿಲ್ಲ" ಎಂದ. ಅವನು ಹೇಳಿದ್ದು ಬಹುಶಃ ನಿಜವೇ. ಸಿದ್ದಪ್ಪನವರ ಮುಖದ ಮೇಲೆ ಆಗ ಬಂದ ನೆಮ್ಮದಿಯನ್ನು ನಾನು ಮರೆತಿಲ್ಲ. ಗಾಡಿ ನೀರಿನಲ್ಲಿ ಮುಳುಗಿದ್ದನ್ನು ಅವನು ಒಪ್ಪಿಕೊಂಡಿದ್ದು ಅವರ ಕಿವಿಗೇ ಬೀಳಲಿಲ್ಲ.

"ನೀರು ಗಂಗಮ್ಮ ಮಿಸ್ತ್ರಿ. ನೀರಿಂದ ಮೈಲಿಗೆ ಆಗಂಗಿಲ್ಲ" ಎಂದರು.

ಶರಣಮ್ಮ ಅಂದು ಬಂದಿರಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳನ್ನು ಬಿಟ್ಟು ಬರಲಾಗಿರಲಿಲ್ಲ. ಫೋನು ಮಾಡಿ ಹೇಳಿದೆ. "ಅವರ ಭೂಮಿ ರೊಕ್ಕ, ಅವರ ಮಗ. ನನಗೇನು ಹೇಳಾಕ ಬರತೈತ್ರಿ? ಬಸ್ಸಿಗಿಂತ ಚಲೋ ಅಂತ ತಿಳಕೋಬೇಕು" ಎಂದಳು. ಸಂಚಕಾರ ಅಂದೇ ಆಯಿತು.

ಬೇಸಿಗೆ ಪೂರ್ತಿ ಗಾಡಿ ಓಡಿತು. ರಾಯಚೂರಿಗೆ ಹೋಗುತ್ತ ಶರಣಮ್ಮ ಷೆಡ್ಡಿನ ಮುಂದೆ ಹಾರ್ನ್ ಹೊಡೆದು ಹೋಗುತ್ತಿದ್ದಳು, ಹಿಂದಿನ ಕಿಟಕಿಯಲ್ಲಿ ಈರಣ್ಣನ ಕೈ ಕಾಣುತ್ತಿತ್ತು. ಸಿದ್ದಪ್ಪನವರು ಒಮ್ಮೆ ಇಳಿದು ಬಂದು, "ಏನಪ್ಪಾ ಮಿಸ್ತ್ರಿ, ನಿನ್ನ ಕೊಳತ ಗಾಡಿ ಹೆಂಗ ಓಡತೈತಿ ನೋಡು" ಎಂದು ನಕ್ಕರು. ನಾನೂ ನಕ್ಕೆ. ನನ್ನ ಮಾತು ಸುಳ್ಳಾಗಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಗಾಡಿಯ ವಿಷಯದಲ್ಲಿ.

ಮಳೆ ಹಿಡಿದ ಮೇಲೆ ಶುರುವಾಯಿತು. ಒಂದು ದಿನ ದೀಪ ತಾನಾಗಿಯೇ ಹತ್ತಿಕೊಂಡಿತು. ಒಂದು ದಿನ ಕಿಟಕಿ ಅರ್ಧಕ್ಕೆ ನಿಂತಿತು. ಒಂದು ಮುಂಜಾನೆ ಚಾಲೂ ಆಗಲೇ ಇಲ್ಲ, ಆ ಸರದಿ ತಪ್ಪಿತು. ನಾನು ನಾರ್ವಕ್ಕೆ ಹೋಗಿ ಒಂದು ಕಡೆ ವೈರು ಬದಲಿಸಿದರೆ ಇನ್ನೊಂದು ಕಡೆ ತಾಮ್ರ ಹಸಿರುಗಟ್ಟಿರುತ್ತಿತ್ತು. ಪೂರ್ತಿ ವೈರಿಂಗ್ ಕಿತ್ತು ಹೊಸದು ಹಾಕಬೇಕು, ಅದಕ್ಕೆ ಗಾಡಿ ಷೆಡ್ಡಿನಲ್ಲಿ ಬಿಡಬೇಕು ಎಂದೆ. "ಬಿಟ್ರ ಇವರನ್ನ ಹೆಂಗ ಕರಕೊಂಡ ಹೋಗಲಿ ಅಣ್ಣಾರ?" ಎಂದಳು. ಈರಣ್ಣನಿಗೆ ಆಗಲೇ ಮುಖ ಬಾತುಕೊಂಡಿತ್ತು. ಮರುದಿನ ಹೇಗಾದರೂ ಮಾಡಿ ಹೋಗಿಬರುತ್ತೇವೆ, ಬಂದ ಕೂಡಲೇ ಗಾಡಿ ತಂದು ಬಿಡುತ್ತೇವೆ ಎಂದು ಮಾತಾಯಿತು.

ಮರುದಿನ ಜಿಟಿಜಿಟಿ ಮಳೆ. ಮುಂಜಾನೆ ಹಾರ್ನ್ ಕೇಳಿಸಿತು, ಗಾಡಿ ಷೆಡ್ಡಿನ ಮುಂದೆ ಹಾದುಹೋಯಿತು. ನಾನು ಚಹಾಕ್ಕೆ ಕೂತಿದ್ದೆ, ಫೋನು ಬಂತು.

"ಗಾಡಿ ನಿಂತೈತ್ರಿ ಅಣ್ಣಾರ. ಒಂದು ದೀಪನೂ ಹತ್ತವಲ್ದು. ಕೃಷ್ಣಾ ಬ್ರಿಜ್ಜಿಗೆ ಇನ್ನೂ ದೂರ ಐತಿ. ಇವರಿಗೆ ಉಸಿರು ಹತ್ತವಲ್ದು. ಆಂಬುಲೆನ್ಸಿಗೆ ಹೇಳೀನಿ, ನೀವು ಲಗೂನ ಬರ್ರಿ."

ಪಾನಾದ ಚೀಲ ಹಾಕಿಕೊಂಡು ಬೈಕು ಹೊಡೆದೆ. ಗಾಡಿ ರಸ್ತೆಯ ಅಂಚಿಗೆ ನಿಂತಿತ್ತು, ಎರಡೂ ಬದಿಗೆ ಹತ್ತಿ ಹೊಲ. ಈರಣ್ಣನಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ, ಸಿದ್ದಪ್ಪನವರು ಅವನನ್ನು ಎದೆಗೆ ಒರಗಿಸಿಕೊಂಡು ಕೂರಿಸಿದ್ದರು. ಕಿಟಕಿ ಇಳಿಯುತ್ತಿರಲಿಲ್ಲ, ಬಾಗಿಲು ತೆರೆದಿಟ್ಟಿದ್ದರು, ಮಳೆ ಒಳಗೆ ಬರುತ್ತಿತ್ತು. ಅವನ ಉಸಿರಿನ ಸದ್ದು ನನಗೆ ಬಾನೆಟ್ಟಿನ ಈ ಕಡೆಗೂ ಕೇಳುತ್ತಿತ್ತು. ನಾನು ಫ್ಯೂಸಿನ ಡಬ್ಬಿ ಒಡೆದೆ. ಅದರೊಳಗೆ ಎಲ್ಲ ಬೂಷ್ಟು. ಬ್ಯಾಟರಿಯಿಂದ ನೇರವಾಗಿ ಒಂದು ವೈರು ಎಳೆಯಲು ಹೋದರೆ ಮಳೆಗೆ ಅದು ಕೈಯಿಂದ ಜಾರುತ್ತಿತ್ತು. ಜೀವಮಾನದಲ್ಲಿ ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ಹೊತ್ತು ಹಿಡಿದದ್ದಿಲ್ಲ. "ಆತು ಈರಣ್ಣ, ಆತಪ್ಪಾ, ಇನ್ನ ಸ್ವಲ್ಪ" ಎನ್ನುತ್ತಲೇ ಇದ್ದೆ.

ಎಂಜಿನ್ನು ಹೊತ್ತಿಕೊಂಡಿತು. ನಾನೇ ಸ್ಟೇರಿಂಗಿಗೆ ಹತ್ತಿ ಕೂತು, ಬಾಗಿಲು ಹಾಕಿರಿ, ಹೊಡೀತೀನಿ ಎಂದು ಕೂಗಿದೆ. ಶರಣಮ್ಮ ಹಿಂದಿನ ಸೀಟಿನ ಹತ್ತಿರ ಮಳೆಯಲ್ಲಿ ನಿಂತಿದ್ದಳು.

"ಸಾವಕಾಶ ಹೊಡೀರಿ ಅಣ್ಣಾರ" ಎಂದಳು. "ಇನ್ನ ಅವಸರ ಇಲ್ಲ."

ಸಿದ್ದಪ್ಪನವರು ಮಗನನ್ನು ಹಾಗೆಯೇ ಎದೆಗೆ ಒರಗಿಸಿಕೊಂಡಿದ್ದರು. ಆಂಬುಲೆನ್ಸಿನವರು ಬಂದು, ನೋಡಿ, ತಲೆಯಾಡಿಸಿದರು. ಅವರ ತಪ್ಪಲ್ಲ, ರಸ್ತೆ ಎಷ್ಟು ಉದ್ದವೋ ಅಷ್ಟು ಉದ್ದ. ಗಾಡಿಯನ್ನು ತಿರುಗಿಸಿ ನಾರ್ವಕ್ಕೆ ತಂದೆ. ದಾರಿಯುದ್ದಕ್ಕೂ ಅದು ಒಂದು ಸಲವೂ ತಡವರಿಸಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ, ಕಬ್ಬಿಣದ ಮೇಲೆ ಸಿಟ್ಟು ಮಾಡಿಕೊಂಡರೆ ಏನು ಬಂತು ಎಂದು ನೀವು ನಗಬಹುದು.

ಈರಣ್ಣನ ದಿನಕಾರ್ಯಗಳೆಲ್ಲ ಮುಗಿದ ಮೇಲೆ ಒಮ್ಮೆ ಶರಣಮ್ಮ ಕೇಳಿದಳು, "ಅಣ್ಣಾರ, ಅವತ್ತು ಗದ್ವಾಲದಾಗ ನೀವು ಇಲ್ಲ ಅಂದುಬಿಟ್ಟಿದ್ರ?" ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನೀವು ಈ ಕೆಲಸಕ್ಕೆ ಬರುವವರು, ಕೇಳಿದರೆ ನಿಜ ಹೇಳಿ ಎಂದೇ ನಿಮಗೂ ಹೇಳುತ್ತೇನೆ. ಮತ್ತೆ ಅದೇ ಜಾಗದಲ್ಲಿ ನಿಂತರೆ ನಾನೂ ಅದನ್ನೇ ಹೇಳುತ್ತೇನೋ ಏನೋ. ಆದರೆ ನಿಜ ಹೇಳಿದವನು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ ಎಂದು ಯಾರಾದರೂ ಅಂದರೆ ನಂಬಬೇಡಿ.

ಷೆಡ್ಡು ಮುಚ್ಚುವ ತಿಂಗಳು ಸಿದ್ದಪ್ಪನವರು ಆ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಬಂದರು. ಜೊತೆಗೆ ಕರ್ನೂಲು ಕಡೆಯ ಒಬ್ಬ ದಲ್ಲಾಳಿ. ಇದ್ದ ಹಾಗೇ ತೆಗೆದುಕೊಳ್ಳುತ್ತೇನೆ, ತೊಳೆದು, ಬಣ್ಣ ಹಚ್ಚಿ ದೂರದ ಊರಿನಲ್ಲಿ ಮಾರುತ್ತೇನೆ ಎಂದು ಅವನು ಒಪ್ಪಿದ್ದ. ಓಡುವ ಹಾಗೆ ಮಾಡಿಕೊಟ್ಟರೆ ಸಾಕಂತೆ.

"ಅವರ ಕಡಿ ಯಾರೂ ಕೇಳಂಗಿಲ್ಲಂತ ಮಿಸ್ತ್ರಿ" ಎಂದರು ಸಿದ್ದಪ್ಪನವರು, ನನ್ನ ಮುಖ ನೋಡದೆ. ಒಂದೇ ಮಳೆಗಾಲದಲ್ಲಿ ಮನುಷ್ಯ ಅರ್ಧವಾಗಿದ್ದರು. "ಇಲ್ಲೆ ಯಾರು ತಗೋತಾರ ಇದನ್ನ? ಬಾಗಿಲ ಮುಂದ ನಿಂತಿದ್ರ ನನಗ ಹೊರಗ ಬರಾಕ ಆಗವಲ್ದು."

ನಾನು ಚೀಲ ಬಿಚ್ಚುತ್ತಿದ್ದೆ. ಶರಣಮ್ಮ ಸ್ಕೂಟಿಯ ಮೇಲೆ ಬಂದಳು. ಯಾರು ಹೇಳಿದರೋ. ಇಳಿದವಳೇ ದಲ್ಲಾಳಿಯ ಕಡೆ ತಿರುಗಿ, "ನೀವು ಹೋಗ್ರಿ, ಗಾಡಿ ಮಾರಾಟಕ್ಕಿಲ್ಲ" ಎಂದಳು. ಮಾವನ ಎದುರು ಅವಳು ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ನನಗೆ, "ಅಣ್ಣಾರ, ಇದನ್ನ ಬಿಚ್ಚಿ ಹಾಕ್ರಿ. ಗುಜರಿಗೆ ಹೋಗಲಿ. ಇಡೀ ಗಾಡಿ ಯಾರಿಗೂ ಹೋಗಬಾರದು" ಎಂದಳು.

ಸಿದ್ದಪ್ಪನವರು ಮೆತ್ತಗೆ, "ನಿನಗ ಅಂಜಿಕಿ ಇದ್ರ ಹೇಳಿಯೇ ಮಾರೋಣವ್ವಾ. ಇದರಾಗ ಸಾವಾಗೈತಿ ಅಂತ ನಾನ ಹೇಳ್ತೀನಿ. ತಿಳಿದು ತಗೊಳ್ಳೋರು ತಗೋಲಿ" ಎಂದರು.

"ಸಾವಾಗೈತಿ ಅಂತ ಅಲ್ಲ ಮಾವಾ." ಎಂದಳು ಶರಣಮ್ಮ. "ಅದನ್ನ ಎಲ್ಲಾರೂ ಕೇಳ್ತಾರ. ನೀರು ಹೊಕ್ಕೈತಿ ಅಂತ ಯಾರು ಕೇಳ್ತಾರ? ನನ್ನಂಥಾಕಿ ಒಬ್ಬಾಕಿ ಎಲ್ಲೋ ಇರ್ತಾಳ. ಆಕಿ ಮನಿಗೆ ಇದು ಹೋಗಬಾರದು."

ಸಿದ್ದಪ್ಪನವರು ಷೆಡ್ಡಿನ ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಗಾಡಿಯನ್ನು ನೋಡಿದರು. ದಲ್ಲಾಳಿ ಒಂದಿಷ್ಟು ಗೊಣಗಿ ಹೊರಟುಹೋದ. ಕೊನೆಗೆ ಅವರು ನನಗೆ ಕೈಸನ್ನೆ ಮಾಡಿದರು, ಬಿಚ್ಚು ಎಂದು.

ಹಿಂದಿನ ಬಾಗಿಲಿನಿಂದ ಶುರು ಮಾಡಿದೆ. ಬೋಲ್ಟು ಸಡಿಲವಾದರೆ ಬಾಗಿಲಿನ ಭಾರವೆಲ್ಲ ಒಮ್ಮೆಲೇ ಕೆಳಗೆ ಬರುತ್ತದೆ, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಶರಣಮ್ಮ ಮುಂದೆ ಬಂದಳು. ಸಿದ್ದಪ್ಪನವರು ಅವಳನ್ನು ಪಕ್ಕಕ್ಕೆ ಸರಿಸಿ, ರುಮಾಲು ತೆಗೆದು ಕಟ್ಟೆಯ ಮೇಲಿಟ್ಟು, ಬಾಗಿಲನ್ನು ಎರಡೂ ಕೈಯಿಂದ ಎದೆಗೆ ಆನಿಸಿ ಹಿಡಿದುಕೊಂಡರು.

"ತಗಿ ಮಿಸ್ತ್ರಿ" ಎಂದರು. "ನಾನು ಹಿಡದೀನಿ."